ನಂಗಲಿ ಗಡಿಯ ಸೈಕಲ್ ಸವಾರರು

"ಇದು ಮುರಿದದ್ದಲ್ಲ. ಯಾರೋ ಗರಗಸ ಹಾಕಿದಾರೆ."

ಹೀಗೆಂದವನು ಅಹ್ಮದ್ ಪಾಷಾ. ಬೆನ್ನಿಗಾನಹಳ್ಳಿ ಕೆರೆಯ ಇಳಿಜಾರಿನಲ್ಲಿ, ರಸ್ತೆಯ ಧೂಳಿನಲ್ಲೇ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿಡುವ ಫೋರ್ಕಿನ ತುಂಡು. ಪಕ್ಕದಲ್ಲಿ ಹಲಸೂರು ಸೈಕಲ್ ಸಂಘದ ಕ್ಯಾಪ್ಟನ್ ಸಂಜೀವಪ್ಪ ಅಂಗಾತ ಬಿದ್ದಿದ್ದ. ಹಣೆ ಒಡೆದಿತ್ತು. ಬಲಗೈ ಇರಬಾರದ ಕಡೆಗೆ ತಿರುಗಿತ್ತು. ಜ್ಞಾನ ಇರಲಿಲ್ಲ. ಪುಣ್ಯಕ್ಕೆ ಉಸಿರು ಆಡುತ್ತಿತ್ತು.

ಪಾಷಾನ ಮಾತು ಮುಗಿದದ್ದೇ ತಡ, ಉಳಿದ ಸವಾರರೆಲ್ಲ ಅವನ ಮುಖವನ್ನೇ ನೋಡಿದರು. ನೋಡದೆ ಇನ್ನೇನು ಮಾಡುತ್ತಾರೆ? ರಸೆಲ್ ಮಾರ್ಕೆಟ್ಟಿನ ಹಿಂದೆ ಸೈಕಲ್ ಅಂಗಡಿ ಇಟ್ಟವನು ಅವನು. ಸಂಘದ ಸೈಕಲ್ಲುಗಳನ್ನೆಲ್ಲ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸಿ ಕೊಟ್ಟವನೂ ಅವನೇ. ಸಂಜೀವಪ್ಪನ ಸೈಕಲ್ಲಿನ ಫೋರ್ಕು ಕಳಚಿ ಹಾಕಿದ ಕೈ ಬೇರೆ ಯಾರದೂ ಅಲ್ಲ.

ಅದು ಯುದ್ಧ ಮುಗಿದ ವರ್ಷ. ಆಗ ಬೆಂಗಳೂರು ಅಂದರೆ ಒಂದಲ್ಲ, ಎರಡು. ಹಲಸೂರು, ಬ್ಲಾಕ್‌ಪಲ್ಲಿ (ಈಗ ಶಿವಾಜಿನಗರ ಅನ್ನುತ್ತೀರಲ್ಲ, ಅದೇ) ಇವೆಲ್ಲ ಇಂಗ್ಲಿಷರ ದಂಡಿಗೆ ಸೇರಿದ್ದು. ಗಡಿಕಲ್ಲು ದಾಟಿದರೆ ಮಹಾರಾಜರ ಮೈಸೂರು. ವಿಜಯದಶಮಿಯ ದಿನ ಗಡಿ ದಾಟಿದರೆ ವರ್ಷವೆಲ್ಲ ಗೆಲುವು ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ರಾಜರು ಆನೆಯ ಮೇಲೆ ಹೊರಡುತ್ತಿದ್ದರು. ಹಲಸೂರಿನವರಿಗೆ ಆನೆ ಎಲ್ಲಿಂದ ಬರಬೇಕು, ಸೈಕಲ್ ಹತ್ತಿದರು. ಬೆಳಿಗ್ಗೆ ದಂಡಿನ ಗಡಿ ದಾಟುವುದು. ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲು ಹಾಯ್ದು, ಕತ್ತಲಾಗುವುದರೊಳಗೆ ನಂಗಲಿ ಮುಟ್ಟಿ, ಮದರಾಸು ಪ್ರಾಂತ್ಯದ ನೆಲಕ್ಕೆ ಚಕ್ರ ಊರುವುದು. ಒಂದೇ ಹಗಲಿಗೆ ಎರಡು ಗಡಿ. ಯುದ್ಧದ ಕಾಲದಲ್ಲಿ ಟಯರು ಸಿಗದೆ ಸವಾರಿ ನಿಂತುಹೋಗಿತ್ತು. ಆ ವರ್ಷವೇ ಮತ್ತೆ ಹೊರಟದ್ದು. ಮೊದಲನೆಯ ಗಡಿಯನ್ನು ಹಾಡು ಹೇಳಿಕೊಂಡು ದಾಟಿ ಬಂದು, ಅದರ ಆಚೆಗಿನ ಇಳಿಜಾರಿನಲ್ಲೇ ಕ್ಯಾಪ್ಟನ್ ನೆಲಕ್ಕೆ ಬಿದ್ದ.

ಇನ್ನೊಂದಿಷ್ಟು ಹಿಂದೆ ಬಿದ್ದಿದ್ದರೆ ಕೇಸು ಇಂಗ್ಲಿಷರ ಪೊಲೀಸರಿಗೆ ಹೋಗುತ್ತಿತ್ತು. ಮುಂದೆ ಬಿದ್ದದ್ದರಿಂದ ಕೃಷ್ಣರಾಜಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮುನಿರಾಜಪ್ಪನವರ ಪಾಲಿಗೆ ಬಂತು. ಹಬ್ಬದ ಒಬ್ಬಟ್ಟಿಗೆ ಎಲೆ ಹಾಕುತ್ತೇನೆ ಎಂದು ಹೆಂಡತಿ ಹೇಳಿದ್ದಳು. ಆ ಎಲೆ ಬಿಟ್ಟು ಬಂದ ಮನುಷ್ಯ. ಆದರೂ ಮುಖ ಸಿಂಡರಿಸಲಿಲ್ಲ. ಮುನಿರಾಜಪ್ಪನವರಿಗೆ ತಮ್ಮ ಕಣ್ಣಿನ ಮೇಲೆ ಭಾರಿ ಭರವಸೆ. ಒಬ್ಬಟ್ಟು ಆರುವುದರೊಳಗೆ ಇದನ್ನು ಮುಗಿಸುತ್ತೇನೆ ಎಂದು ದಫೇದಾರನಿಗೆ ಹೇಳಿಯೇ ಹೊರಟಿದ್ದರು.

ಅವರು ಬಂದು ನಿಂತದ್ದೇ, ಪಿಳ್ಳಪ್ಪ ಮುಂದೆ ಬಂದ. ಹಲಸೂರು ಬಜಾರಿನ ಬಟ್ಟೆ ವ್ಯಾಪಾರಿ, ಸಂಘದ ಎರಡನೆಯ ಕ್ಯಾಪ್ಟನ್. ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು. ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟ. ಹಿಂದಿನ ವಾರ ತಾನು ಪಾಷಾನ ಅಂಗಡಿಗೆ ಹೋದಾಗ ಒಳಗೆ ಪಾಷಾನಿಗೂ ಸಂಜೀವಪ್ಪನಿಗೂ ಜೋರು ಮಾತು ನಡೆದಿತ್ತಂತೆ. 'ನೀನು ಹೀಗೆ ಮಾಡಿದರೆ ಹಾಳಾಗಿ ಹೋಗ್ತೀಯ' ಎಂದು ಪಾಷಾ ಕೂಗಿದ್ದು ತನ್ನ ಕಿವಿಗೇ ಬಿತ್ತಂತೆ. ತನ್ನನ್ನು ಕಂಡದ್ದೇ ಇಬ್ಬರೂ ಬಾಯಿ ಮುಚ್ಚಿಕೊಂಡರಂತೆ.

ಮುನಿರಾಜಪ್ಪ ಪಾಷಾನ ಕಡೆ ತಿರುಗಿದರು.

"ಜಗಳ ಆಡಿದ್ದು ನಿಜವೇನಯ್ಯ?"

"ನಿಜ, ಸಾಬ್."

"ಯಾತಕ್ಕೆ?"

"ಅದು ಹೇಳೋಕಾಗಲ್ಲ. ಹೇಳಲ್ಲ ಅಂತ ಸಂಜೀವನಿಗೆ ಮಾತು ಕೊಟ್ಟಿದೀನಿ."

"ಇವತ್ತು ಲಾಕಪ್ಪಿಗೆ ಹಾಕಿದರೆ ದಸರಾ ರಜ ಮುಗಿಯೋವರೆಗೂ ಜಡ್ಜಿ ಮುಖ ಕಾಣಲ್ಲ ನೀನು. ಗೊತ್ತಾ?"

ಪಾಷಾ ತಲೆ ತಗ್ಗಿಸಿದ. ಅವನಿಗೆ ಗೊತ್ತಿಲ್ಲದ್ದೇನಲ್ಲ. ರಜ ಹೇಗೋ ಕಳೆದುಹೋಗುತ್ತದೆ. ಆದರೆ ಸೈಕಲ್ಲಿಗೆ ಗರಗಸ ಹಾಕಿ ಮನುಷ್ಯನನ್ನು ಬೀಳಿಸಿದವನು ಎಂಬ ಹೆಸರು ಒಮ್ಮೆ ಬಂದರೆ, ಆಮೇಲೆ ದಂಡಿನಲ್ಲಿ ಯಾವ ತಾಯಿ ತನ್ನ ಮಗನ ಸೈಕಲ್ಲನ್ನು ಅವನ ಕೈಗೆ ಕೊಡುತ್ತಾಳೆ? ಅಪ್ಪನ ಕಾಲದಿಂದ ಬಂದ ಅಂಗಡಿ ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ. ಅಷ್ಟು ತಿಳಿದೂ ಅವನು ಬಾಯಿ ಬಿಡಲಿಲ್ಲ.

ಮುನಿರಾಜಪ್ಪನವರ ಮನಸ್ಸಿಗೆ ಒಂದು ವಿಷಯ ಹೊಂದಲಿಲ್ಲ. ಕೊಯ್ದವನೇ ಆದರೆ, ಎಲ್ಲರಿಗಿಂತ ಮೊದಲು ತುಂಡನ್ನು ಎತ್ತಿ ತೋರಿಸಿ 'ಇದು ಕೊಯ್ದದ್ದು' ಎಂದು ಯಾಕೆ ಹೇಳುತ್ತಾನೆ? ಸುಮ್ಮನಿದ್ದಿದ್ದರೆ ಹಳೆಯ ಕಬ್ಬಿಣ, ಮುರಿಯಿತು ಎಂದುಕೊಂಡು ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೂ ದಫೇದಾರನಿಗೆ ಕಣ್ಣು ಮಾಡಿ ಪಾಷಾನನ್ನು ಠಾಣೆಯ ಜಗುಲಿಯಲ್ಲಿ ಕೂರಿಸಲು ಹೇಳಿದರು. ಸುತ್ತ ಸೇರಿದ ಜನರ ಕೈ ಆಗಲೇ ತುರಿಸುತ್ತಿತ್ತು. ಅವನಿಗೆ ಆ ಹೊತ್ತಿನಲ್ಲಿ ಠಾಣೆಯೇ ಕ್ಷೇಮ.

* * *

ಕೃಷ್ಣರಾಜಪುರದ ಡಿಸ್ಪೆನ್ಸರಿಯಲ್ಲಿ ಡಾಕ್ಟರು ಸಂಜೀವಪ್ಪನ ಹಣೆಗೆ ಹೊಲಿಗೆ ಹಾಕಿ, ಕೈಗೆ ಬಿದಿರಿನ ಪಟ್ಟಿ ಕಟ್ಟಿದರು. ಜೀವಕ್ಕೆ ಭಯವಿಲ್ಲ, ಆದರೆ ಮಧ್ಯಾಹ್ನದವರೆಗೆ ಮಾತಾಡಿಸಬೇಡಿ ಎಂದರು. ತಲೆದೆಸೆಯಲ್ಲಿ ಅಂಜನಮೂರ್ತಿ ಕೂತು ಬೀಸಣಿಗೆ ಬೀಸುತ್ತಿದ್ದ. ತೆಳ್ಳಗಿನ, ಮಾತು ಕಡಿಮೆಯ ಆಳು. ಬೈಯಪ್ಪನಹಳ್ಳಿ ಬಳಿಯ ಮಿಲಿಟರಿ ಲಾರಿ ರಿಪೇರಿ ಡಿಪೋದಲ್ಲಿ ಸಂಜೀವಪ್ಪನೂ ಅವನೂ ಫಿಟ್ಟರುಗಳು, ಒಂದೇ ಬೆಂಚಿನಲ್ಲಿ ಕೆಲಸ. ಕ್ಯಾಪ್ಟನ್ ಬಿದ್ದಾಗ ತನ್ನ ಅಂಗಿಯನ್ನೇ ಹರಿದು ರಕ್ತ ಕಟ್ಟಿದವನು ಇವನು. ಈಗಲೂ ಕಣ್ಣು ಕೆಂಪಗಿತ್ತು.

ಮುನಿರಾಜಪ್ಪ ಜಗುಲಿಯಲ್ಲಿ ಫೋರ್ಕಿನ ತುಂಡುಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಎರಡು ಕಾಲಿಗೂ ಒಳಮೈಯಿಂದ, ಅಂದರೆ ಚಕ್ರದ ಕಡೆಯಿಂದ, ಗರಗಸ ಬಿದ್ದಿತ್ತು. ಅರ್ಧಕ್ಕಿಂತ ಹೆಚ್ಚು ನೇರವಾಗಿ ಕೊಯ್ದದ್ದು, ಉಳಿದದ್ದು ಹರಿದದ್ದು. ಕೊಯ್ದ ಗೀರಿನಲ್ಲಿ ಬಟ್ಟೆ ಸೋಪಿಗೆ ದೀಪದ ಕಾಡಿಗೆ ಕಲಸಿ ತುಂಬಿದ್ದರು. ಹೊರಗಿನಿಂದ ನೋಡಿದರೆ ಕಪ್ಪು ಬಣ್ಣದೊಳಗೆ ಕಪ್ಪು, ಯಾರಿಗೂ ಕಾಣುತ್ತಿರಲಿಲ್ಲ.

ಅವರು ಒಂದು ಗುಂಡುಸೂಜಿ ತೆಗೆದು ಸೋಪನ್ನು ಮೆಲ್ಲಗೆ ಕೆರೆದರು. ತಳದಲ್ಲಿ, ಸೋಪಿನ ಕೆಳಗೆ, ಕಬ್ಬಿಣಕ್ಕೆ ಅಂಟಿಕೊಂಡು ಒಂದು ಹಳದಿ ಗೆರೆ. ಅದರಲ್ಲಿ ಅಲ್ಲಲ್ಲಿ ಕೆಂಪು. ಉಗುರಿನಿಂದ ಎತ್ತಿ ಮೂಸಿ ನೋಡಿದರು. ಅರಿಶಿನ. ಅದರ ಜೊತೆಗೆ ಕುಂಕುಮ.

ಒಳಗೆ ಬಂದು ಅಂಜನಮೂರ್ತಿಯನ್ನು ಕೇಳಿದರು, ಹಿಂದಿನ ದಿನ ಆಯುಧಪೂಜೆಯಲ್ಲವೇ, ಸೈಕಲ್ಲುಗಳಿಗೆ ಪೂಜೆ ಎಲ್ಲಿ ಮಾಡಿದಿರಿ ಎಂದು. ಹಲಸೂರಿನ ಗರಡಿಮನೆಯಲ್ಲಿ ಎಂದ. ನಿನ್ನೆ ಬೆಳಿಗ್ಗೆ ಪಾಷಾ ಸೈಕಲ್ಲುಗಳನ್ನು ತಂದು ಒಪ್ಪಿಸಿದ. ಸಂಜೀವಪ್ಪನೇ ತನ್ನ ಸೈಕಲ್ಲನ್ನು ಬಾವಿ ನೀರಿನಲ್ಲಿ ತೊಳೆದು, ಎಣ್ಣೆ ಬಟ್ಟೆಯಿಂದ ಫೋರ್ಕು, ರಿಮ್ಮು ಎಲ್ಲ ಉಜ್ಜಿದ. ಪೂಜೆಯಾದ ಮೇಲೆ ಸೈಕಲ್ಲುಗಳನ್ನು ಕದಲಿಸಬಾರದಲ್ಲ, ಹಾಗಾಗಿ ರಾತ್ರಿ ಅಲ್ಲೇ ಬಿಟ್ಟು ಎಲ್ಲರೂ ಮನೆಗೆ ಹೋದರು. ಇವತ್ತು ಬೆಳಿಗ್ಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತುಳಿಸಿಕೊಂಡು ಹೊರಟರು.

ಮಾತಾಡುತ್ತಿರುವಾಗ ಮುನಿರಾಜಪ್ಪನವರ ಕಣ್ಣು ಅವನ ಬನಿಯನ್ನಿನ ಕಡೆ ಹೋಯಿತು. ಕೊರಳ ಬಳಿ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಸಣ್ಣ ಗಂಟೊಂದನ್ನು ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದ. ಒಳಗೆ ಒಂದು ನಾಣ್ಯ ಇದ್ದಂತಿತ್ತು.

"ಇದೇನಪ್ಪ?"

"ಅಮ್ಮ ಕಟ್ಟಿಕೊಟ್ಟರು ಸ್ವಾಮಿ. ಪ್ರಯಾಣ ಸುಖವಾಗಿ ಆಗಲಿ ಅಂತ ಹರಕೆ. ದಾರೀಲಿ ಕೋಲಾರಮ್ಮನ ಹುಂಡಿಗೆ ಹಾಕು ಅಂದ್ರು."

"ಒಳ್ಳೇದು" ಎಂದು ಮುನಿರಾಜಪ್ಪ ಹೊರಗೆ ಬಂದರು. ಜಗುಲಿಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಪಿಳ್ಳಪ್ಪನನ್ನು ಕರೆದು, ನಿನ್ನ ಸೈಕಲ್ ತೆಗಿ, ಹಲಸೂರಿಗೆ ಹೋಗಬೇಕು ಎಂದರು.

* * *

ಗಡಿಯ ಆಚೆ ಮುನಿರಾಜಪ್ಪನವರ ಅಧಿಕಾರ ಮೂರು ಕಾಸಿಗೂ ಬಾಳುತ್ತಿರಲಿಲ್ಲ. ಅದಕ್ಕೇ ಪೇಟ, ಬೆಲ್ಟು ಬಿಚ್ಚಿಟ್ಟು, ಪಂಚೆಯುಟ್ಟು, ಹಬ್ಬಕ್ಕೆ ನೆಂಟರ ಮನೆಗೆ ಹೊರಟ ಗೃಹಸ್ಥನ ಹಾಗೆ ಪಿಳ್ಳಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತರು. ಅವರೇನು ಸಣ್ಣ ಆಳೇ? ಬೈಯಪ್ಪನಹಳ್ಳಿಯ ಏರು ಹತ್ತುವಾಗ ಪಿಳ್ಳಪ್ಪನ ದೊಡ್ಡ ಗಂಟಲು ತಾನಾಗಿ ಕಟ್ಟಿಹೋಯಿತು. ಬೇಕೆಂದೇ ಅವನನ್ನು ಕರೆದುಕೊಂಡು ಬಂದಿದ್ದರು. ಸಂಜೀವಪ್ಪ ಬಿದ್ದರೆ ಕ್ಯಾಪ್ಟನ್ ಆಗುವವನು ಇವನು. ಪಾಷಾನ ಮೇಲೆ ಮೊದಲು ಬೆರಳು ತೋರಿಸಿದವನೂ ಇವನೇ. ಇಂಥವನು ಕಣ್ಣೆದುರಿಗೇ ಇರಲಿ ಎಂದು ಅವರ ಲೆಕ್ಕ.

ಮೊದಲು ಗರಡಿಮನೆ. ಬಾಗಿಲಿಗೆ ಬೀಗವಿರಲಿಲ್ಲ, ಚಿಲಕ ಅಷ್ಟೇ. ಹನುಮಂತನ ಗರಡಿಗೆ ಯಾರು ಕಳ್ಳತನಕ್ಕೆ ಬರುತ್ತಾರೆ ಎಂದು ಪೈಲ್ವಾನರ ಧೈರ್ಯ. ಅಂದರೆ ರಾತ್ರಿ ಯಾರು ಬೇಕಾದರೂ ಬರಬಹುದಿತ್ತು. ಗದೆಗಳಿಗೆ, ಕಲ್ಲುಗುಂಡುಗಳಿಗೆ ಇನ್ನೂ ಪೂಜೆಯ ಗುರುತು ಹಾಗೇ ಇತ್ತು. ಎಲ್ಲಕ್ಕೂ ಬಿಳಿ ವಿಭೂತಿ, ಮೇಲೆ ಸಿಂಧೂರ. ಅರಿಶಿನ ಎಲ್ಲೂ ಇಲ್ಲ. ಸೈಕಲ್ಲುಗಳಿಗೂ ಹೀಗೇ ಹಚ್ಚಿದಿರಾ ಎಂದು ಕೇಳಿದರು. ಹೀಗೇ, ಹ್ಯಾಂಡಲ್ಲಿಗೂ ಸೀಟಿಗೂ, ಎಂದ ಪಿಳ್ಳಪ್ಪ. ಇಲ್ಲಿ ಹೆಂಗಸರ ಕೈ ಸೋಕುವುದಿಲ್ಲ, ಅರಿಶಿನ ತರುವವರು ಯಾರು ಎಂದೂ ಸೇರಿಸಿದ.

ಆಮೇಲೆ ಪಿಳ್ಳಪ್ಪನ ಅಂಗಡಿ. ಅವನ ಮನೆಯಾಕೆ ಕತ್ತರಿಗೂ ಗಜಕಡ್ಡಿಗೂ ಧಾರಾಳವಾಗಿ ಅರಿಶಿನ ಕುಂಕುಮ ಮೆತ್ತಿದ್ದಳು. ಮುನಿರಾಜಪ್ಪ ಕತ್ತರಿಯನ್ನು ತಿರುಗಿಸಿ ನೋಡಿ ನಕ್ಕರು. ಇದರಿಂದ ರವಿಕೆ ಬಟ್ಟೆ ಕತ್ತರಿಸಬಹುದು, ಫೋರ್ಕು ಕತ್ತರಿಸಲಾಗುವುದಿಲ್ಲ. ಇವನಿಗೆ ಗರಗಸ ಬೇಕಾಗಿದ್ದರೆ ಎರವಲು ತರಬೇಕಿತ್ತು. ಅವತ್ತಿನ ದಿನ ಪೂಜೆಗಿಟ್ಟ ಹತಾರವನ್ನು ಹೆತ್ತ ಮಗ ಕೇಳಿದರೂ ಯಾರೂ ಎತ್ತಿಕೊಡುವುದಿಲ್ಲ. ಪಿಳ್ಳಪ್ಪ ಏನು ನೋಡುತ್ತಿದ್ದೀರಿ ಎಂದು ಕೇಳಿದ. ನಿನ್ನ ನಸೀಬು ನೋಡುತ್ತಿದ್ದೆ, ಚೆನ್ನಾಗಿದೆ ಎಂದರು.

ಕೊನೆಗೆ ರಸೆಲ್ ಮಾರ್ಕೆಟ್ಟಿನ ಹಿಂದೆ ಪಾಷಾನ ಅಂಗಡಿ. ಸುದ್ದಿ ಅವರಿಗಿಂತ ಮುಂಚೆಯೇ ಬಂದು ಮುಟ್ಟಿತ್ತು. ಬಾಗಿಲ ಪರದೆಯ ಹಿಂದೆ ಅವನ ಹೆಂಡತಿ ನೂರುನ್ನೀಸಾ ನಿಂತಿದ್ದಳು. ಅಳುವುದು ಮುಗಿದು ಸಿಟ್ಟು ಶುರುವಾಗಿತ್ತು. ಸಂಜೀವಣ್ಣ ನಮ್ಮ ಮನೆಯಲ್ಲಿ ಊಟ ಮಾಡಿದವನು, ಅವನ ಸೈಕಲ್ಲಿಗೆ ನನ್ನ ಗಂಡ ಗರಗಸ ಹಾಕುತ್ತಾನಾ ಎಂದು ಕೇಳಿದಳು. ಜಗಳ ಯಾತರದ್ದು ಎಂದರೆ, ಅದು ತನಗೂ ಹೇಳಿಲ್ಲ ಎಂದಳು.

ಅಂಗಡಿಯ ಮೂಲೆಯಲ್ಲಿ ಬಾಳೆ ಎಲೆಯ ಮೇಲೆ ಹತಾರಗಳೆಲ್ಲ ಸಾಲಾಗಿ ಇದ್ದವು. ಪಾಷಾನ ಅಪ್ಪನ ಕಾಲದ ಮುದಿ ಕೆಲಸಗಾರನೊಬ್ಬ ಪ್ರತಿ ವರ್ಷ ಅಲ್ಲಿ ಆಯುಧಪೂಜೆ ಮಾಡುತ್ತಿದ್ದ. ಅಂಗಡಿ ಸಾಬರದಾದರೇನು, ಪೂಜೆ ತಪ್ಪುತ್ತಿರಲಿಲ್ಲ. ಸ್ಪ್ಯಾನರು, ಅರ, ಸುತ್ತಿಗೆ, ಗರಗಸ, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ. ಎಲ್ಲವನ್ನೂ ಸೇರಿಸಿ ಒಂದೇ ಚೆಂಡುಹೂವಿನ ಸರ ಹೆಣೆದು ಬಿಗಿದಿದ್ದ. ಸರ ಎಲ್ಲೂ ಕಡಿದಿರಲಿಲ್ಲ. ಗರಗಸದ ಹಲ್ಲಿನ ಮೇಲೆ ವಿಭೂತಿ ಒಣಗಿ ಹಾಗೇ ಕೂತಿತ್ತು. ಒಂದು ಗೀರು ಹಾಕಿದ್ದರೂ ಅದು ಉದುರಿಹೋಗುತ್ತಿತ್ತು.

"ಪಿಳ್ಳಪ್ಪ, ನೋಡಿದೆಯಾ?"

ಪಿಳ್ಳಪ್ಪ ನೋಡಿದ. ಮುಖ ಸಣ್ಣದಾಯಿತು. ಆದರೂ ಪಟ್ಟು ಬಿಡದೆ, ಪೂಜೆಗೆ ಮೊದಲೇ ಕೊಯ್ದಿರಬಹುದಲ್ಲ ಎಂದ.

"ಇಲ್ಲ. ಕೊಯ್ದ ಗೀರಿನ ತಳದಲ್ಲಿ ಅರಿಶಿನ ಇದೆ, ಸೋಪಿನ ಕೆಳಗೆ. ಪೂಜೆ ಆದ ಮೇಲೇ ಆ ಗರಗಸ ಕಬ್ಬಿಣಕ್ಕೆ ಬಿದ್ದಿದೆ. ಹಲ್ಲಲ್ಲಿದ್ದ ಅರಿಶಿನ ಅಲ್ಲೇ ಉಳೀತು."

ಅಷ್ಟು ಹೇಳಿ, ಅಂಜನಮೂರ್ತಿಯ ಮನೆ ಯಾವ ಬೀದಿ ಎಂದು ಕೇಳಿದರು.

* * *

ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ ಚಿಕ್ಕ ಹೆಂಚಿನ ಮನೆ. ಪಿಳ್ಳಪ್ಪನನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ ಮುನಿರಾಜಪ್ಪ ಒಬ್ಬರೇ ಹೋದರು. ಅಂಜನಮೂರ್ತಿಯ ತಾಯಿ ವೆಂಕಟಮ್ಮ ಹೊಸಲಿಗೆ ನೀರು ಹಾಕುತ್ತಿದ್ದರು. ಗಂಡ ತೀರಿಹೋದ ಮೇಲೆ ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಮಗನ ಸ್ನೇಹಿತರ ಕಡೆಯವನು, ದಾರಿಯಲ್ಲಿ ಕ್ಯಾಪ್ಟನ್ ಬಿದ್ದಿದ್ದಾನೆ, ನಿಮ್ಮ ಮಗನಿಗೆ ಏನೂ ಆಗಿಲ್ಲ ಎಂದು ಮುನಿರಾಜಪ್ಪ ಮೊದಲೇ ಹೇಳಿದರು. ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ವೆಂಕಟಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು.

"ನನಗೆ ಬೆಳಿಗ್ಗೇನೇ ಎದೆ ಹೊಡ್ಕೊಳ್ತಿತ್ತು ಸ್ವಾಮಿ. ಪೂಜೆಗಿಟ್ಟ ಗರಗಸ ಕದಲಿಬಿಟ್ಟಿತ್ತು."

ಮುನಿರಾಜಪ್ಪ ಜಗುಲಿಯ ಮೇಲೆ ಕೂತು ನಿಧಾನವಾಗಿ ಕೇಳಿದರು. ಆಕೆ ಎಲ್ಲ ಹೇಳಿದರು. ಹಬ್ಬದ ದಿನ ಮಗನ ಹತಾರಗಳನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ದೇವರ ಮುಂದೆ ಜೋಡಿಸಿದ್ದರು. ಬೆಳಿಗ್ಗೆ ಎದ್ದು ದೀಪ ಹಚ್ಚಲು ಹೋದರೆ, ಗರಗಸದ ಮೇಲಿನ ಹೂವು ನೆಲದಲ್ಲಿ. ಹಲ್ಲಿಗೆ ಹಚ್ಚಿದ್ದ ಅರಿಶಿನ ಮಾಯ, ಯಾರೋ ಒರೆಸಿದ ಹಾಗೆ. ಇಲಿ ಎಳೆದಿರಬೇಕು, ದೇವಿಗೆ ಅಪಚಾರ ಆಯಿತು ಎಂದು ಹೆದರಿ, ಅವಸರವಾಗಿ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ, ಕಾಸಿಟ್ಟು, ತಪ್ಪುಕಾಣಿಕೆ ಕಟ್ಟಿ, ಕೋಲಾರಮ್ಮನಿಗೆ ಹಾಕಿ ತಪ್ಪಾಯಿತು ಅಂತ ಕೇಳಿಕೋ ಎಂದು ಮಗನ ಕೈಗೆ ಕೊಟ್ಟರಂತೆ.

"ನನ್ನ ಮಗ ಬಲು ದೇವರ ಭಯದವನು. ಕಾಣಿಕೆ ಕೊಟ್ಟಾಗ ಕಣ್ಣಿಗೊತ್ತಿಕೊಂಡು ಕೊರಳ ಹತ್ರಾನೇ ಸಿಕ್ಕಿಸ್ಕೊಂಡ" ಎಂದರು ವೆಂಕಟಮ್ಮ. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು.

ಮುನಿರಾಜಪ್ಪನವರಿಗೆ ತಾವು ಎಣಿಸಿದ್ದು ನಿಜವಾಯಿತು ಎಂಬ ಖುಷಿ ಬರಬೇಕಾಗಿತ್ತು, ಬರಲಿಲ್ಲ. ಆ ಗರಗಸವನ್ನು ಒಂದು ಸಲ ಕೊಡುತ್ತೀರಾ ತಾಯಿ ಎಂದು ಕೇಳಿದರು. ಆಕೆ ಯಾಕೆ ಎಂದೂ ಕೇಳದೆ, ಬಟ್ಟೆಯಲ್ಲಿ ಸುತ್ತಿ, ಕೈಗೆ ಕೊಟ್ಟು, ಬಿಸಿಲಲ್ಲಿ ಬಂದಿದ್ದೀರಿ ಎಂದು ಪಾನಕವನ್ನೂ ಕುಡಿಸಿ ಕಳಿಸಿದರು.

* * *

ಮಧ್ಯಾಹ್ನ ತಿರುಗಿತ್ತು. ಡಿಸ್ಪೆನ್ಸರಿಯ ಜಗುಲಿಯಲ್ಲಿ ಸವಾರರೆಲ್ಲ ಸೇರಿದ್ದರು. ಪಾಷಾನನ್ನೂ ಕರೆತಂದು ಕೂರಿಸಿದ್ದರು. ಯಾರೂ ಅವನ ಪಕ್ಕಕ್ಕೆ ಹೋಗಿ ಕೂತಿರಲಿಲ್ಲ. ಕಿಟಕಿಯ ಒಳಗೆ ಸಂಜೀವಪ್ಪನ ಮಂಚ. ಮುನಿರಾಜಪ್ಪ ಮತ್ತೆ ಪೇಟ ಸುತ್ತಿಕೊಂಡು ಬಂದು, ಬೆಂಚಿನ ಮೇಲೆ ಗರಗಸವನ್ನು ಇಟ್ಟು ಬಟ್ಟೆ ಬಿಚ್ಚಿದರು.

ಒಳಗಿನಿಂದ ಬೀಸಣಿಗೆ ಹಿಡಿದೇ ಬಂದಿದ್ದ ಅಂಜನಮೂರ್ತಿಯ ಕೈ ನಿಂತಿತು.

"ಆಯುಧಪೂಜೆ ದಿನ ಬೆಂಗಳೂರಲ್ಲಿ ಯಾವ ಹತಾರವೂ ಕೆಲಸ ಮಾಡಲ್ಲ" ಎಂದರು ಮುನಿರಾಜಪ್ಪ. "ಸಂಜೀವಪ್ಪನ ಸೈಕಲ್ಲು ಪಾಷಾನ ಅಂಗಡಿಯಿಂದ ಗರಡಿಗೆ ಬಂದದ್ದು ಆ ದಿನ ಬೆಳಿಗ್ಗೆ. ಸಂಜೀವಪ್ಪನೇ ಫೋರ್ಕು ಉಜ್ಜಿದ್ದ. ಸೋಪು ತುಂಬಿದ ಗೀರು ಇದ್ದಿದ್ದರೆ ನೀರಿಗೇ ಕರಗಿ ಅವನ ಕೈಗೆ ಸಿಕ್ಕೋದು. ಅಂದಮೇಲೆ ಕೊಯ್ದದ್ದು ಆ ರಾತ್ರಿ. ಆ ರಾತ್ರಿ ಇಡೀ ಊರಲ್ಲಿ ಪೂಜೆಗಿಡದ ಗರಗಸ ಎಲ್ಲಿ ಸಿಗಬೇಕು? ಸಿಕ್ಕಲಿಲ್ಲ. ಪೂಜೆಗಿಟ್ಟದ್ದನ್ನೇ ಎತ್ತಬೇಕಾಯಿತು."

ಮುಂದಿನದನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು. ಗೀರಿನ ತಳದಲ್ಲಿ ಸಿಕ್ಕಿದ್ದು ಅರಿಶಿನ. ಗರಡಿಯಲ್ಲಿ ಹಚ್ಚಿದ್ದು ವಿಭೂತಿ, ಪಾಷಾನ ಅಂಗಡಿಯಲ್ಲೂ ವಿಭೂತಿ, ಎರಡೂ ಗಂಡಸರ ಕೈಯ ಪೂಜೆ. ಅರಿಶಿನ ಬಂದದ್ದು ಹೆಂಗಸು ಪೂಜೆ ಮಾಡಿದ ಮನೆಯಿಂದ. ಪಿಳ್ಳಪ್ಪನ ಮನೆಯಲ್ಲಿ ಅರಿಶಿನ ಇತ್ತು, ಗರಗಸ ಇರಲಿಲ್ಲ. ಎರಡೂ ಇದ್ದದ್ದು ಒಂದೇ ಮನೆಯಲ್ಲಿ. ಆದರೆ ತಮ್ಮ ಕಾಲು ಆ ಮನೆಯ ಕಡೆ ತಿರುಗಿದ್ದು ಅದಕ್ಕೂ ಮೊದಲೇ, ಅಂಜನಮೂರ್ತಿಯ ಬನಿಯನ್ನಿನ ಗಂಟನ್ನು ಕಂಡಾಗ.

"ಸುಖಪ್ರಯಾಣದ ಹರಕೆ ಅಂದೆ. ಆ ಹರಕೆ ಗಂಟು ಮನೆ ದೇವರ ಮುಂದೆ ಇರುತ್ತೆ ಕಣಪ್ಪ. ಪ್ರಯಾಣ ಮುಗಿದು ಸುಖವಾಗಿ ಬಂದಮೇಲೆ ಹುಂಡಿಗೆ ಹಾಕೋದು. ಹೊರಡೋವಾಗಲೇ ದೇವರಿಗೆ ಹಾಕು ಅಂತ ಕೈಗೆ ಕೊಟ್ಟರೆ ಅದು ಹರಕೆ ಅಲ್ಲ, ತಪ್ಪುಕಾಣಿಕೆ. ತಪ್ಪು ಏನಾಗಿತ್ತು ಅಂತ ನಿಮ್ಮಮ್ಮನೇ ಹೇಳಿದರು. ಪಾಪ, ಇಲಿ ಅಂದ್ಕೊಂಡಿದಾರೆ."

ಅಂಜನಮೂರ್ತಿ ಅಲ್ಲಗಳೆಯಲಿಲ್ಲ. ಗೋಡೆಗೆ ಒರಗಿ ಕೂತು, ನೆಲ ನೋಡಿಕೊಂಡೇ ಎಲ್ಲ ಹೇಳಿದ. ಯುದ್ಧ ಮುಗಿಯಿತು, ಡಿಪೋಗೆ ಲಾರಿ ಬರುವುದು ನಿಂತಿತು. ದಸರಾ ರಜ ಕಳೆದ ಮೇಲೆ ಆ ಬೆಂಚಿನಲ್ಲಿ ಒಬ್ಬನೇ ಫಿಟ್ಟರು ಸಾಕು ಎಂದು ಸಾಹೇಬ ಹೇಳಿದ್ದ. ಸಂಜೀವಪ್ಪ ಹಳಬ, ಕೈಯೂ ಒಳ್ಳೆಯದು. ಉಳಿಯುವವನು ಅವನೇ ಎಂದು ಎಲ್ಲರಿಗೂ ಗೊತ್ತಿತ್ತು. ಕೆಲಸ ಹೋದರೆ ತಾಯಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

"ಸಾಯ್ಲಿ ಅಂತ ಅಲ್ಲ ಸ್ವಾಮಿ. ಕೈ ಮುರೀಲಿ ಅಂತ. ಕೈ ಮುರಿದ ಫಿಟ್ಟರನ್ನ ಅವರು ಇಟ್ಕೊಳಲ್ಲ."

"ಪಾಷಾನನ್ನ ಲಾಕಪ್ಪಿಗೆ ಹಾಕ್ತೀನಿ ಅಂದಾಗ ಸುಮ್ಮನೆ ನಿಂತಿದ್ಯಲ್ಲ?"

ಅಂಜನಮೂರ್ತಿ ಬನಿಯನ್ನಿನ ಗಂಟನ್ನು ಬಿಚ್ಚಿ ಗರಗಸದ ಪಕ್ಕ ಇಟ್ಟ.

ಆಗ ಕಿಟಕಿಯ ಒಳಗಿನಿಂದ ದನಿ ಬಂತು. ಸಂಜೀವಪ್ಪ ಎಚ್ಚರವಾಗಿ ಎಷ್ಟು ಹೊತ್ತಾಗಿತ್ತೋ, ಯಾರೂ ನೋಡಿರಲಿಲ್ಲ.

"ಡಿಪೋ ಸಾಹೇಬರಿಗೆ ನಾನು ಆಗಲೇ ಹೇಳಿ ಆಗಿತ್ತು ಕಣೋ, ಮೂರ್ತಿ. ಕೆಲಸ ನಿಂಗೇ ಇರಲಿ, ನಾನು ಬಿಡ್ತೀನಿ ಅಂತ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಸಂಜೀವಪ್ಪ ತಡೆತಡೆದು ಹೇಳಿದ. ಡಿಪೋ ಬಿಟ್ಟು ಪಾಷಾನ ಜೊತೆ ಅಂಗಡಿಯಲ್ಲಿ ಸೇರಿಕೊಳ್ಳುವುದು ಎಂದು ತಾನು ತೀರ್ಮಾನಿಸಿದ್ದ. ಪಾಷಾ ಒಪ್ಪಿರಲಿಲ್ಲ. ಸಂಬಳದ ಕೆಲಸ ಬಿಟ್ಟು ಪಂಕ್ಚರ್ ಹಾಕಲು ಬಂದರೆ ಹಾಳಾಗಿ ಹೋಗುತ್ತೀಯ ಎಂದು ಬೈದಿದ್ದ. ಪಿಳ್ಳಪ್ಪ ಕೇಳಿದ ಜಗಳ ಅದು. ಕೊನೆಗೆ ಪಾಷಾ ಸೋತು ಒಪ್ಪಿದ. ಮೂರ್ತಿಗೆ ಊರಲ್ಲಿ ಹೇಳಿದರೆ ಸಂಕೋಚಪಟ್ಟು ಬೇಡ ಅನ್ನುತ್ತಾನೆ. ವಿಜಯದಶಮಿಯ ಸಂಜೆ ನಂಗಲಿ ಗಡಿ ದಾಟಿದ ಮೇಲೆ ಎಲ್ಲರೆದುರಿಗೆ ಹೇಳುತ್ತೇನೆ, ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಪಾಷಾನಿಂದ ಮಾತು ತೆಗೆದುಕೊಂಡಿದ್ದ.

ಅಂಜನಮೂರ್ತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪಿಳ್ಳಪ್ಪ ಪಾಷಾನ ಪಕ್ಕಕ್ಕೆ ಬಂದು ಕೂತು, ಅವನ ಭುಜ ಹಿಡಿದುಕೊಂಡ. ಮುನಿರಾಜಪ್ಪ ಅಂಜನಮೂರ್ತಿಯನ್ನು ಎಬ್ಬಿಸಿದರು.

"ಅಮ್ಮನಿಗೆ ನೀವು ಹೇಳ್ಬೇಡಿ ಸ್ವಾಮಿ" ಎಂದ ಅವನು. "ನಾನೇ ಹೋಗಿ ಹೇಳ್ತೀನಿ. ಹೇಳಿ ಬಂದುಬಿಡ್ತೀನಿ."

"ಅಲ್ಲಿ ನನ್ನ ಅಧಿಕಾರ ನಡೆಯಲ್ಲ ಕಣಯ್ಯ. ಗಡಿ ದಾಟಿ ನೀನು ವಾಪಸು ಬರದಿದ್ದರೆ ನಾನು ಏನೂ ಮಾಡೋಕಾಗಲ್ಲ. ಯಾವ ಧೈರ್ಯದ ಮೇಲೆ ಕಳಿಸಲಿ?"

ಪಾಷಾ ಎದ್ದು ನಿಂತ. ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ, ತುಟಿ ಒಣಗಿತ್ತು.

"ನಾನು ಜೊತೇಲಿ ಹೋಗ್ತೀನಿ, ಸಾಬ್. ಕರ್ಕೊಂಡು ಬರ್ತೀನಿ. ಮಾತು ಕೊಡ್ತೀನಿ."

ಮುನಿರಾಜಪ್ಪ ಅವನನ್ನು ನೋಡಿದರು. ಆ ಮನುಷ್ಯನ ಮಾತಿಗೆ ಎಷ್ಟು ತೂಕ ಎಂದು ಅವರಿಗೆ ಬೆಳಿಗ್ಗೆಯೇ ತಿಳಿದಿತ್ತು. ದಫೇದಾರ ತಂದ ಬೇಡಿಯನ್ನು ಬೇಡ ಎಂದು ಸನ್ನೆ ಮಾಡಿ ಕಳಿಸಿದರು. ಇಬ್ಬರೂ ಸೈಕಲ್ ಹತ್ತಿದರು. ಬಂದ ದಾರಿಯಲ್ಲೇ, ಕೆರೆಯ ಏರು ಹತ್ತಿ, ಗಡಿಕಲ್ಲಿನ ಕಡೆಗೆ ಅಕ್ಕಪಕ್ಕದಲ್ಲಿ ಹೋದರು. ಏರಿನಲ್ಲಿ ಅಂಜನಮೂರ್ತಿಗೆ ತುಳಿಯಲಾಗದಾಗ ಪಾಷಾ ಅವನ ಬೆನ್ನಿಗೆ ಕೈ ಕೊಟ್ಟು ತಳ್ಳಿದ್ದು ಜಗುಲಿಯಲ್ಲಿದ್ದವರಿಗೂ ಕಂಡಿತು.

ಮುನಿರಾಜಪ್ಪ ಮನೆಗೆ ಹೋಗಲಿಲ್ಲ. ಠಾಣೆಯ ಜಗುಲಿಯಲ್ಲಿ ಕೂತು ಕಾದರು. ಊರಿನಲ್ಲಿ ದೀಪ ಹಚ್ಚುವ ಮೊದಲು ಇಬ್ಬರೂ ವಾಪಸು ಬಂದು ಸೈಕಲ್ ಇಳಿದರು.